ಯಕ್ಷಿಯ ಐದನೆಯ ಭಾಗ

ಪುಸ್ತಕ ಓದುವವರಿಗೆ ಪುಸ್ತಕದಿಂದ ಫಜೀತಿ ಆಗುವುದಿಲ್ಲ. ಓದದವನಿಗೇ ಆಗುವುದು. ಈ ಒಂದು ವರ್ಷದಲ್ಲಿ ನನಗೆ ಆದಷ್ಟು ಇನ್ನಾರಿಗೂ ಆಗಿರಲಿಕ್ಕಿಲ್ಲ. ಒಂದು ಮುಗಿಯಿತು ಅನ್ನುವಾಗ ಇನ್ನೊಂದು.

ನಾನು ಅಡುಗೆಯವನು. ಸೂರತ್ತಿನ ಉಧ್ನಾದಲ್ಲಿ ಸಣ್ಣ ಹೋಟೆಲು. ಇಡ್ಲಿ, ವಡೆ, ದೋಸೆ. ಸುತ್ತಲೂ ಮಗ್ಗದ ಕಾರ್ಖಾನೆಗಳು. ಅವುಗಳ ಸದ್ದು ನಿಂತರೆ ಕಿವಿಗೇ ಏನೋ ಆಯಿತು ಅನಿಸುತ್ತದೆ. ಶಾಲೆ ನಾಲ್ಕನೇ ಕ್ಲಾಸಿಗೆ ಬಿಟ್ಟೆ. ಓದಲು ಬರುತ್ತದೆ. ಬೆರಳಿಡಬೇಕು, ತುಟಿ ಅಲ್ಲಾಡಬೇಕು, ಹೊತ್ತು ಬೇಕು.

ಓದುವವಳು ನನ್ನ ಹೆಂಡತಿ. ಹೋದ ವರ್ಷ ತೀರಿಹೋದಳು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮನೆಯಲ್ಲಿದ್ದರೆ ಹೋಟೆಲಿಗೆ ಹೋಗಬೇಕು. ಹೋಟೆಲಿಗೆ ಹೋದರೆ ಸ್ಟೇಷನ್ನಿಗೆ. ಸ್ಟೇಷನ್ನಿಗೆ ಹೋದರೆ ಯಾವುದಾದರೂ ರೈಲು. ಹಾಗೆ ತಿರುಗಿದ್ದರಿಂದಲೇ ಇಷ್ಟೆಲ್ಲ ಆದದ್ದು.

ಮೆಣಸಿನ ನಡುವೆ ಯಕ್ಷಿ

ಊರಿನಿಂದ ನಮಗೆ ರೈಲಿನಲ್ಲಿ ಪಾರ್ಸೆಲ್ ಬರುತ್ತದೆ. ಬ್ಯಾಡಗಿ ಮೆಣಸು, ಕುಚ್ಚಲಕ್ಕಿ, ಹುಣಸೆಹುಳಿ, ಹಪ್ಪಳ. ಕಳಿಸುವವನು ಹೆಂಡತಿಯ ತಮ್ಮ, ನನ್ನ ಭಾವಮೈದ. ಅಕ್ಕನಿಗೆ ಓದುವ ಹುಚ್ಚು ಅಂತ ಮೆಣಸಿನ ನಡುವೆ ಒಂದು ಪುಸ್ತಕ ಇಡುತ್ತಿದ್ದ. ಅದು ಒಂದು ಯಕ್ಷಿಯ ಕಥೆ. ಏಳು ಭಾಗ. ಎಲ್ಲ ಹಳೆಯವು. ಹಳೆ ಪುಸ್ತಕದ ಅಂಗಡಿಯಲ್ಲಿ ಯಾವ ಭಾಗ ಸಿಕ್ಕಿತೋ ಆ ಭಾಗ ಬರುತ್ತಿತ್ತು. ಮೊದಲು ಬಂದದ್ದು ಏಳನೆಯದು. ಆಮೇಲೆ ಮೂರು. ಆಮೇಲೆ ಒಂದು.

ಪುಟ ತಿರುಗಿಸಿದರೆ ಮೆಣಸಿನ ಘಾಟು. ಸೀನುತ್ತ ಓದುತ್ತಿದ್ದಳು. ಓದಿ ಆದ ಮೇಲೆ ನಾನು ಹಿಟ್ಟು ರುಬ್ಬುವಲ್ಲಿ ಬಂದು ಕೂತು ನನಗೆ ಹೇಳುತ್ತಿದ್ದಳು. ಹಾಗಾಗಿ ನನ್ನ ಲೆಕ್ಕದಲ್ಲಿ ಯಕ್ಷಿ ಮೊದಲು ಸುಟ್ಟು ಬೂದಿಯಾದಳು. ಆಮೇಲೆ ಅವಳಿಗೆ ಮದುವೆಯಾಯಿತು. ಆಮೇಲೆ ಹುಟ್ಟಿದಳು.

"ಇದೆಂತ ಕಥೆ?" ಎಂದೆ. "ಒಂದನೆಯದು ಬರುವವರೆಗೆ ಕಾಯಬಾರದಾ?"

"ಹೋಯ್, ನಿಮ್ಮ ಹೋಟೆಲಿನಲ್ಲಿ ಸಾಂಬಾರು ಆಗಿಲ್ಲ ಅಂತ ಗಿರಾಕಿ ಇಡ್ಲಿ ಎದುರು ಇಟ್ಟುಕೊಂಡು ಕಾಯುತ್ತಾನಾ? ಚಟ್ನಿಯಲ್ಲಿ ತಿಂದು ಹೋಗುತ್ತಾನೆ."

"ಆದರೂ ಸತ್ತ ಮೇಲೆ ಮದುವೆಯಾ?"

"ಹುಟ್ಟು, ಮದುವೆ, ಸಾವು ಅಂತ ಸಾಲಾಗಿ ಬರುವುದು ಮನುಷ್ಯರಿಗೆ. ಭೂತಕ್ಕೆ ಸತ್ತ ಮೇಲೇ ಕಥೆ ಶುರು," ಎಂದಳು.

ನನಗೆ ಸರಿ ಕಂಡಿತು.

ಆಮೇಲೆ ಎರಡು ಬಂತು, ನಾಲ್ಕು ಬಂತು, ಆರೂ ಬಂತು. ಐದು ಮಾತ್ರ ಬರಲಿಲ್ಲ. ನಾಲ್ಕನೆಯದರ ಕೊನೆಗೆ ಯಕ್ಷಿ ದೊಡ್ಡಮನೆಯ ಬಾಗಿಲ ಹೊರಗೆ ನಿಂತಿದ್ದಾಳೆ. ಯಾರಾದರೂ ಒಳಗಿನಿಂದ ತೆಗೆದರೆ ಮಾತ್ರ ಅವಳು ಒಳಗೆ ಬರಬಹುದು. ಆರನೆಯದರ ಮೊದಲ ಪುಟದಲ್ಲಿ ಒಳಗೆ ಉಯ್ಯಾಲೆಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದಾಳೆ. ಬಾಗಿಲು ತೆಗೆದವರು ಯಾರು? ಇದು ನನ್ನ ಹೆಂಡತಿಯ ತಲೆಯಲ್ಲಿ ಕೂತುಬಿಟ್ಟಿತು. ಒಂದು ದಿನ ಆ ದೊಡ್ಡಮನೆಯ ಮಾವನ ಮೇಲೆ ಸಂಶಯ, ಒಂದು ದಿನ ನಾದಿನಿಯ ಮೇಲೆ. ಭಾವಮೈದ ಹುಡುಕದ ಅಂಗಡಿಯಿಲ್ಲ.

ಆಸ್ಪತ್ರೆಯಲ್ಲೂ ಅದನ್ನೇ ಕೇಳಿದಳು. "ಐದನೆಯದು ಬಂತಾ?"

"ಬರುತ್ತದೆ," ಎಂದೆ.

ಬರುವ ಮೊದಲೇ ಅವಳು ಹೋದಳು. ವರ್ಷಾಂತಿಕದೊಳಗೆ ಅದನ್ನು ತಂದು ಅವಳಿಗೆ ಓದಿ ಹೇಳಬೇಕು ಅಂತ ಮನಸ್ಸಿಗೆ ಬಂತು. ಯಾರಿಗೆ ಓದುವುದು, ಎಲ್ಲಿ ಓದುವುದು ಅಂತ ಗೊತ್ತಿರಲಿಲ್ಲ. ಮೊದಲು ಪುಸ್ತಕ ಬೇಕಲ್ಲ.

ಮಗಳು ಹೇಳಿದ ನಿಯಮ

ಮಗಳು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಫ್ಲ್ಯಾಟ್ ಮಾಡಿಕೊಂಡು ಕೆಲಸದಲ್ಲಿದ್ದಾಳೆ. ಸೂರತ್ತಿನಲ್ಲೇ ಬೆಳೆದವಳು. ಗುಜರಾತಿ ನೀರಿನ ಹಾಗೆ. ಕನ್ನಡ ಮಾತಾಡುತ್ತಾಳೆ, ಅಕ್ಷರ ಮಾತ್ರ ಅಷ್ಟಕ್ಕಷ್ಟೇ. ಅವಳಲ್ಲಿಗೆ ಹೋಗಿ ವಿಷಯ ಹೇಳಿದೆ.

"ಪಪ್ಪಾ, ಡೈರೆಕ್ಟ್ ಐದನೇದು ಓದ್ಲಿಕ್ಕೆ ಆಗೋದಿಲ್ಲ. ಸೀರೀಸ್ ಅಂದ್ರೆ ಆರ್ಡರ್ ಇರ್ತದೆ."

ಫೋನು ತೋರಿಸಿದಳು. ಅದರಲ್ಲಿ ಇದರ ಬಗ್ಗೆಯೇ ದೊಡ್ಡ ಜಗಳ. ನಮ್ಮ ಯಕ್ಷಿಯದ್ದಲ್ಲ, ಇಂಗ್ಲಿಷ್ ಭೂತಗಳದ್ದು. ಅಚ್ಚಾದ ಕ್ರಮದಲ್ಲೇ ಓದಬೇಕು ಅಂತ ಕೆಲವರು. ಕಥೆ ನಡೆದ ಕ್ರಮದಲ್ಲಿ ಅಂತ ಕೆಲವರು. ಒಬ್ಬರಿಗೊಬ್ಬರು ಬೈದುಕೊಂಡಿದ್ದಾರೆ.

"ನಿನ್ನ ಅಮ್ಮ ಇದರಲ್ಲಿ ಯಾವ ಪಾರ್ಟಿ?" ಎಂದೆ.

"ಮಮ್ಮಿ ಪಾರ್ಸೆಲ್ ಪಾರ್ಟಿ. ನೀವು ಹಾಗೆ ಮಾಡ್ಬೇಡಿ. ಒಂದರಿಂದ ಶುರು ಮಾಡುವ. ನಾನೂ ಓದ್ತೇನೆ."

ಒಂದನೆಯ ಭಾಗ ಚೀಲದಲ್ಲಿತ್ತು. ಇಬ್ಬರೂ ಕೂತೆವು. ನನಗೆ ಅಕ್ಷರ ಗೊತ್ತು, ವೇಗವಿಲ್ಲ. ಅವಳಿಗೆ ವೇಗವುಂಟು, ಒತ್ತಕ್ಷರ ಬಂದರೆ ನಿಲ್ಲುತ್ತಾಳೆ. ಒಂದು ಸಾಲು ನಾನು, ಒಂದು ಸಾಲು ಅವಳು. ನಡುವೆ ನಾನು ಎದ್ದು ಎದ್ದು ಬಾಲ್ಕನಿಗೆ ಹೋಗುತ್ತಿದ್ದೆ. ಅವಳು ಕರೆದು ಕೂರಿಸುತ್ತಿದ್ದಳು. ಪುಸ್ತಕದಲ್ಲಿ ಒಬ್ಬ ಮನುಷ್ಯ ಪದೇ ಪದೇ ಬರುತ್ತಿದ್ದ. ಲೇಖಕರ ಮನೆಗೆ ಬಂದು ಬಾಗಿಲು ತಟ್ಟುತ್ತಾನೆ. ಅವರನ್ನು ನಿದ್ದೆ ಮಾಡಲು ಬಿಡುವುದಿಲ್ಲ. ಹೋದಲ್ಲೆಲ್ಲ ಹಿಂದೆ ಹೋಗುತ್ತಾನೆ.

"ಪಪ್ಪಾ, ಇವನೇ ಭೂತ," ಎಂದಳು ಮಗಳು. ನನಗೂ ಮೈ ಜುಮ್ಮೆಂದಿತು.

ಸಂಜೆಯ ಹೊತ್ತಿಗೆ ಅಷ್ಟು ಪುಟ ಮುಗಿಸಿದೆವು. ಆಮೇಲೆ ಗೊತ್ತಾಯಿತು, ಅದು ಕಥೆಯಲ್ಲ, ಮುನ್ನುಡಿ. ಆ ಮನುಷ್ಯ ಪ್ರಕಾಶಕ.

ವಡೋದರಾದ ಪರೀಕ್ಷೆ

ವಡೋದರಾದಲ್ಲಿ ಕನ್ನಡದವರು ಸೇರುವ ಒಂದು ಹಾಲ್ ಇದೆ. ಅಲ್ಲಿ ಒಂದು ಕಪಾಟು ಪುಸ್ತಕ. ಅದರ ಬೀಗದ ಕೈ ಧಾರವಾಡ ಕಡೆಯ ಒಬ್ಬರ ಹತ್ತಿರ. ನೌಕರಿಯಿಂದ ರಿಟೈರ್ ಆದವರು. ಬೀಗದ ಕೈ ಜನಿವಾರಕ್ಕೇ ಕಟ್ಟಿಕೊಂಡಿದ್ದರು.

"ಐದನೇದು ಬೇಕಾ? ನಾಲ್ಕನೇದು ಓದೀರೇನು?"

"ಕೇಳಿದ್ದೇನೆ."

"ಕೇಳೋದು ಬ್ಯಾರೆ, ಓದೋದು ಬ್ಯಾರೆ. ಕ್ರಮ ಬಿಟ್ಟು ಓದೋರಿಗೆ ನಾ ಪುಸ್ತಕ ಕೊಡಂಗಿಲ್ಲ. ಇಲ್ಲಿ ಅದಽ ಕಾಯ್ದೆ."

"ನನಗೆ ಕಥೆಯೆಲ್ಲ ಗೊತ್ತುಂಟು. ಐದನೆಯದೊಂದೇ ಗೊತ್ತಿಲ್ಲ."

"ಹೌದಾ? ಹಂಗಾರ ಎರಡನೇ ಭಾಗದಾಗ ಏನಾಗ್ತದ ಹೇಳ್ರಿ."

ನನಗೆ ಧೈರ್ಯ ಬಂತು. ಅದು ನನಗೆ ಇಷ್ಟವಾದ ಭಾಗ. "ಯಕ್ಷಿ ಅಡುಗೆಮನೆಗೆ ಬರುತ್ತಾಳೆ. ಅಲ್ಲಿ ಒಬ್ಬ ಅಡುಗೆಭಟ್ಟ. ಅವನು ಹೆದರದೆ ಅವಳಿಗೆ ಮಣೆ ಹಾಕಿ ಮಾವಿನಹಣ್ಣಿನ ಗೊಜ್ಜು ಬಡಿಸುತ್ತಾನೆ. ಅವಳು ತಿಂದು, ಮೆಚ್ಚಿ, ಅವನನ್ನು ಬಿಟ್ಟುಬಿಡುತ್ತಾಳೆ."

"ಬಿಡೋದಿಲ್ರೀ! ತಿಂತಾಳ!"

"ಅದೇ ಹೇಳಿದ್ದು. ಗೊಜ್ಜು ತಿನ್ನುತ್ತಾಳೆ."

"ಗೊಜ್ಜಲ್ರೀ, ಅವನ್ನ!"

ನಾನು ನಕ್ಕೆ. "ಹೇಗೆ ಸಾಧ್ಯ? ನಾಲ್ಕನೆಯದರಲ್ಲಿ ಅವನು ಹಬ್ಬದ ಅಡುಗೆ ಮಾಡುತ್ತಾನೆ. ಆರನೆಯದರಲ್ಲಿ ಯಕ್ಷಿಯನ್ನು ಮನೆಯಿಂದ ಓಡಿಸುವವನೇ ಅವನು."

ಅವರು ಕಪಾಟು ತೆಗೆದು ಎರಡನೆಯದನ್ನು ಕೈಗೆ ಕೊಟ್ಟು ಪುಟ ತೋರಿಸಿದರು. ಬೆರಳಿಟ್ಟು ಓದಿದೆ. ತುಂಬಾ ಹೊತ್ತು ಹಿಡಿಯಿತು. ಮಣೆ ಇತ್ತು. ಗೊಜ್ಜು ಇರಲಿಲ್ಲ. ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಅವನ ಸೌಟು ಮಾತ್ರ ಸಿಕ್ಕಿತು ಅಂತ ಇತ್ತು.

ನಾಲ್ಕನೆಯದರಲ್ಲೂ ಆರನೆಯದರಲ್ಲೂ ಅವನನ್ನು ಬದುಕಿಸಿ ಇಟ್ಟವಳು ನನ್ನ ಹೆಂಡತಿ. ನಾನು ಅಡುಗೆಯವನಲ್ಲವಾ. ರುಬ್ಬುವ ಕೈ ನಿಲ್ಲುತ್ತದೆ ಅಂತ ಇರಬೇಕು.

ಇದನ್ನು ಅವರಿಗೆ ಹೇಳಿದೆ. ಹೇಳಿ ಎದ್ದುಬಿಟ್ಟೆ. ಅಲ್ಲಿ ಕೂರಲಾಗಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು. ಬಾಗಿಲವರೆಗೆ ಬಂದರು. ಐದನೆಯದು ಕಪಾಟಿನಲ್ಲೇ ಇಲ್ಲ, ತಾನು ಊರಲ್ಲಿ ಇಲ್ಲದಾಗ ಚಾಂದ್‌ಖೇಡಾದ ಒಬ್ಬ ಹೆಂಗಸು ಒಯ್ದಿದ್ದಾರೆ, ವಾಪಸು ಬಂದಿಲ್ಲ ಎಂದರು. ವಿಳಾಸ ಕೊಟ್ಟರು.

"ಹಂಗಾರ ಇಷ್ಟೊತ್ತು ಪರೀಕ್ಷೆ ಯಾಕೆ ಮಾಡಿದಿರಿ?" ಎಂದೆ. ನನಗೂ ಅವರ ಮಾತೇ ಬಂದುಬಿಟ್ಟಿತು.

"ಕಾಯ್ದೆ ಅಂದ್ರ ಕಾಯ್ದೆ," ಎಂದರು. ಆಮೇಲೆ ಅತ್ತಿತ್ತ ನೋಡಿ ಮೆಲ್ಲಗೆ, "ಅಲ್ರೀ, ಆ ಅಡುಗೆಭಟ್ಟ ಆರನೇದರಾಗ ಅಕೀನ್ನ ಹೆಂಗ ಓಡಿಸ್ತಾನ? ಸ್ವಲ್ಪ ಹೇಳಿ ಹೋಗ್ರಿ."

ಕುಕ್ಕರಿನಲ್ಲಿ ಇಟ್ಟ ಪುಸ್ತಕ

ಚಾಂದ್‌ಖೇಡಾ ಅಹಮದಾಬಾದಿನ ಆ ತುದಿ. ಹೋದೆ. ಆ ಹೆಂಗಸು ಮೈಸೂರಿನ ಕಡೆಯವರು. ಗಂಡ ಆಫೀಸಿಗೆ ಹೋಗಿದ್ದರು. ಮನೆಯಲ್ಲಿ ಅತ್ತೆ, ಸೊಸೆ. ಪುಸ್ತಕ ಅಂದ ಕೂಡಲೇ ಇಬ್ಬರೂ ಮುಖ ಮುಖ ನೋಡಿಕೊಂಡರು.

"ಮನೆ ಒಳಗಿಲ್ಲ. ಬಾಲ್ಕನಿಯಲ್ಲಿದೆ," ಎಂದರು ಸೊಸೆ.

ಬಾಲ್ಕನಿಯಲ್ಲಿ ಒಂದು ಹಳೆ ಕುಕ್ಕರ್. ಮುಚ್ಚಳ ಬಿಗಿದಿತ್ತು. ಮೇಲೆ ಸೀಟಿಯೂ ಇತ್ತು. ಅದರ ಹಿಡಿಗೆ ಕೆಂಪು ದಾರ ಕಟ್ಟಿತ್ತು. ಪುಸ್ತಕ ಅದರೊಳಗೆ.

"ನೋಡಿ, ನನಗೆ ಬೇರೆ ಭಾಗ ಯಾವುದೂ ಸಿಗಲಿಲ್ಲ. ಇದೊಂದೇ ಓದಿದೆ. ಅವಳು ಮನೆ ಒಳಗೆ ಬಂದ್ಬಿಡ್ತಾಳೆ. ಅಷ್ಟಕ್ಕೆ ಪುಸ್ತಕ ಮುಗಿಯುತ್ತೆ. ಹೋಗೋದು ಯಾವಾಗ? ಆವತ್ತಿಂದ ರಾತ್ರಿ ನಿದ್ದೆ ಇಲ್ಲ ನಮಗೆ. ಬಾಗಿಲು ತೆಗೆದಿದ್ದು ಯಾರು ಗೊತ್ತಾ..."

ನಾನು ಎರಡೂ ಕಿವಿ ಮುಚ್ಚಿಕೊಂಡೆ. "ಅಮ್ಮಾ, ಅದೊಂದು ಹೇಳಬೇಡಿ!"

"ಸರಿ, ಹೇಳಲ್ಲ. ನೀವು ಆರನೇದು ಓದಿದ್ದೀರಾ? ಅವಳನ್ನ ಹೇಗೆ ಓಡಿಸ್ತಾರೆ?"

ಪುಸ್ತಕದಲ್ಲಿ ಹೇಗೆ ಓಡಿಸುತ್ತಾರೋ ನನಗೆ ಗೊತ್ತಿಲ್ಲ. ಇನ್ನು ಓದುವುದೂ ಇಲ್ಲ. ನಮ್ಮ ಮನೆಯಲ್ಲಿ ಓಡಿಸಿದ ರೀತಿ ಹೇಳಿದೆ. "ಅಡುಗೆಭಟ್ಟ ಗಟ್ಟಿ ಇಂಗು ಕುಟ್ಟಿ, ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಹಾಕುತ್ತಾನೆ. ಸಾಸಿವೆ ಸಿಡಿದ ಕೂಡಲೇ ಯಕ್ಷಿ ಹಿತ್ತಿಲ ಬಾಗಿಲಿನಿಂದ ಓಡುತ್ತಾಳೆ."

ಅತ್ತೆ ಅಡುಗೆಮನೆಯಿಂದಲೇ ಕೂಗಿದರು. "ಇಂಗು ಇದೆ, ಬನ್ನಿ!"

ಬೇಡ ಅನ್ನುವ ಮೊದಲೇ ಬಾಣಲೆ ಒಲೆಯ ಮೇಲಿತ್ತು. ನನಗೂ ಕೈಗೆ ಕೆಲಸ ಸಿಕ್ಕಿದರೆ ಜೀವಕ್ಕೆ ಸಮಾಧಾನ. ಹಾಕಿದೆ. ಎರಡು ಕೋಣೆಗೂ ಬಾಣಲೆ ಹಿಡಿದು ತಿರುಗಿದೆ. ಸೊಸೆ ಮುಂದಿನಿಂದ ಕಿಟಕಿ ತೆಗೆಯುತ್ತ ಹೋದರು, ಯಕ್ಷಿಗೆ ದಾರಿ ಬೇಕಲ್ಲ. ಘಮ ಮೆಟ್ಟಿಲಿಗೂ ಹೋಯಿತು. ಎದುರು ಮನೆಯ ಹೆಂಗಸು ಬಂದು, ಸಾಂಬಾರು ಎಷ್ಟು ಹೊತ್ತಿಗೆ ಆಗುತ್ತದೆ ಅಂತ ಗುಜರಾತಿಯಲ್ಲಿ ಕೇಳಿದರು.

ಅತ್ತೆ ಮನೆಯ ಮೂಲೆ ಮೂಲೆ ಮೂಸಿ ನೋಡಿದರು. "ಹೋದಳು," ಎಂದರು. "ಹೇಗೂ ಒಗ್ಗರಣೆ ಆಗಿದೆ. ಬೇಳೆ ಬೆಂದಿದೆ. ಸಾರೂ ಮಾಡಿಟ್ಟು ಹೋಗಿ."

ರೈಲಿನ ಪಾರಾಯಣ

ಸೂರತ್ತಿಗೆ ವಾಪಸು ರೈಲು. ಸೀಟಿರಲಿಲ್ಲ. ಬಾಗಿಲ ಹತ್ತಿರ ನಿಂತು ಪುಸ್ತಕ ತೆಗೆದೆ. ಮೊದಲ ಪುಟ ಮಾತ್ರ ಓದಿದೆ. ಹೆಂಡತಿಗಿಂತ ಮುಂದೆ ಹೋಗುವುದು ಸರಿಯಲ್ಲ ಅನಿಸಿತು. ಆದರೆ ಮುಚ್ಚಿಡಲೂ ಆಗಲಿಲ್ಲ. ಅದೇ ಪುಟ ಮತ್ತೆ ಓದಿದೆ. ಮತ್ತೆ ಓದಿದೆ. ತುಟಿ ಅಲ್ಲಾಡುತ್ತಿತ್ತು. ಕುಕ್ಕರಿನ ಕೆಂಪು ದಾರವನ್ನು ಆ ಅತ್ತೆ ಪುಸ್ತಕಕ್ಕೇ ಕಟ್ಟಿ ಕಳಿಸಿದ್ದರು.

ದಿನಾ ಓಡಾಡುವ ಪಾಸಿನವರು ನೋಡಿದರು. ಒಬ್ಬ ಎದ್ದು, "ಬೇಸೋ ಕಾಕಾ," ಅಂತ ಕಿಟಕಿಯ ಸೀಟು ಬಿಟ್ಟುಕೊಟ್ಟ. ಇಸ್ಪೀಟು ಆಡುತ್ತಿದ್ದವರು ದನಿ ತಗ್ಗಿಸಿದರು. ಆಣಂದ್ ದಾಟಿದ ಮೇಲೆ ಒಬ್ಬ ಹೆಂಗಸು ಡಬ್ಬಿ ತೆಗೆದು, ಪುಸ್ತಕದ ಮುಂದೆ ಒಂದು ಪೇಡೆ ಇಟ್ಟು, ಕಣ್ಣು ಮುಚ್ಚಿ ಕೈಮುಗಿದಳು.

"ಕಾಕಾ, ಯಾವ ಮಾತಾಜಿ?" ಅಂತ ಕೇಳಿದಳು. ದೇವಿಗೆ ಇಲ್ಲಿ ಮಾತಾಜಿ ಅನ್ನುತ್ತಾರೆ.

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ನಿಜ ಹೇಳಲು ಗುಜರಾತಿ ಸಾಲಲಿಲ್ಲ. "ಬಹಳ ಕೋಪದವಳು," ಎಂದೆ.

ಇನ್ನೊಂದು ಪೇಡೆ ಇಟ್ಟಳು.

ಅಗಾಸಿಯಲ್ಲಿ

ವರ್ಷಾಂತಿಕ ಸೂರತ್ತಿನಲ್ಲೇ ಮಾಡಿದೆವು. ಊರಿನಿಂದ ಭಾವಮೈದ ಬಂದ. ಮಗಳು ಬಂದಳು. ಭಟ್ಟರು ನಮ್ಮ ಕಡೆಯವರೇ, ಇಲ್ಲಿ ಬಂದು ನೆಲೆಸಿದವರು. ವಿಧಿಯೆಲ್ಲ ಆಗಿ, ಎಲೆಯಲ್ಲಿ ಪಿಂಡ, ವಡೆ, ಪಾಯಸ ಇಟ್ಟುಕೊಂಡು ಅಗಾಸಿಗೆ ಹೋದೆವು. ಇಲ್ಲಿ ತಾರಸಿಗೆ ಹಾಗೆ ಹೇಳುವುದು. ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ನಮಗೆ ಊಟ. ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಅಂತ.

ಮೊದಲು ಪಾರಿವಾಳಗಳು ಬಂದವು. ಒಂದು ಹಿಂಡು. ಭಟ್ಟರು ಶಲ್ಯ ಬೀಸಿ ಓಡಿಸಿದರು. "ಇವು ನಡೆಯುವುದಿಲ್ಲ. ಈ ಊರಿನಲ್ಲಿ ಇದೊಂದು ಕರ್ಮ."

ಆಮೇಲೆ ಒಂದು ಕಾಗೆ ಬಂತು. ನೀರಿನ ಟ್ಯಾಂಕಿನ ಮೇಲೆ ಕೂತಿತು. ಇಳಿಯಲಿಲ್ಲ. ಬಿಸಿಲು ಏರಿತು. ನಾನು ಅಗಾಸಿಯ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ.

ಭಾವಮೈದ ಕೈಮುಗಿದ. "ಅಕ್ಕಾ, ಮಗಳ ಮದುವೆ ನಾನು ಮುಂದೆ ನಿಂತು ಮಾಡಿಸುತ್ತೇನೆ. ಬಾ."

ಕಾಗೆ ಮುಖ ತಿರುಗಿಸಿತು.

"ಮಾಮಾ, ನನ್ನನ್ನು ಕೇಳಿದ್ರಾ?" ಎಂದಳು ಮಗಳು.

"ಸುಮ್ಮನಿರೇ ಮಾರಾಯ್ತಿ. ನನಗೆ ಶುಗರ್ ಉಂಟು. ಹೊತ್ತಿಗೆ ಊಟ ಆಗಬೇಕು."

"ಬೇರೆ ಏನಾದರೂ ಆಸೆ ಇತ್ತಾ ಅವರಿಗೆ?" ಅಂತ ಭಟ್ಟರು ನನ್ನನ್ನು ಕೇಳಿದರು.

ನಾನು ಬಾಯಿ ತೆಗೆಯುವ ಮೊದಲೇ ಮಗಳು ಕೆಳಗೆ ಓಡಿ ಐದನೆಯ ಭಾಗ ತಂದಳು. ಎಲೆಯ ಹತ್ತಿರ ಕೂತೆ. ಬೆರಳಿಟ್ಟೆ. ಗಟ್ಟಿಯಾಗಿ ಓದಿದೆ. ಒಂದೊಂದೇ ಅಕ್ಷರ.

ಕಾಗೆ ಟ್ಯಾಂಕಿನಿಂದ ಗೋಡೆಗೆ ಇಳಿಯಿತು. ಗೋಡೆಯಿಂದ ನೆಲಕ್ಕೆ. ಎಲೆಯ ಹತ್ತಿರ ಬಂದು ಪಿಂಡ ಕುಕ್ಕಿತು. ವಡೆ ತಿಂದಿತು. ನನಗೆ ಅಕ್ಷರ ಕಾಣಿಸಲಿಲ್ಲ, ಸ್ವಲ್ಪ ಹೊತ್ತು.

"ತೃಪ್ತಿಯಾಯಿತು," ಎಂದರು ಭಟ್ಟರು. "ನಡೆಯಿರಿ ಊಟಕ್ಕೆ."

ಪುಸ್ತಕ ಮುಚ್ಚಿದೆ. ಕಾಗೆ ಕೂಗಲು ಶುರು ಮಾಡಿತು. ಕೂಗು ಅಂದರೆ ಅಂಥ ಕೂಗು. ತೆರೆದೆ, ಸುಮ್ಮನಾಯಿತು. ಮುಚ್ಚಿದೆ, ಮತ್ತೆ ಕೂಗಿತು.

ಭಟ್ಟರು ಮೆಲ್ಲಗೆ ಕೂತರು. "ಓದಿ ಮಾರಾಯ್ರೇ. ಅಲ್ಲ, ಈ ಹೆಂಗಸು ಬಾಗಿಲ ಹೊರಗೆ ಯಾಕೆ ನಿಂತಿದ್ದಾಳೆ? ನಡುವಿನಿಂದ ಓದಿದರೆ ನನಗೆ ಎಂತದೂ ಗೊತ್ತಾಗುವುದಿಲ್ಲ."

ಮಗಳು ಅವರ ಪಕ್ಕ ಕೂತು ಒಂದನೆಯದರಿಂದ ಹೇಳಲು ಶುರು ಮಾಡಿದಳು. ಭಟ್ಟರು ಹೂಂಗುಟ್ಟಿದರು. ಕಾಗೆ ಒಂದು ಕಣ್ಣಲ್ಲಿ ಅವಳನ್ನು, ಒಂದು ಕಣ್ಣಲ್ಲಿ ನನ್ನನ್ನು ನೋಡುತ್ತಿತ್ತು. ನಾನು ಓದುತ್ತಿದ್ದೆ. ಯಕ್ಷಿ ಇನ್ನೂ ಮೊದಲ ಮೆಟ್ಟಿಲು ಹತ್ತಿರಲಿಲ್ಲ.

ಭಾವಮೈದನಿಗೆ ತಡೆಯಲಾಗಲಿಲ್ಲ. "ಭಾವಾ, ನೀವು ಓದುವ ವೇಗಕ್ಕೆ ನಾವೂ ಇವತ್ತು ಕಾಗೆಯ ಹಾಗೆ ಎಲೆ ಕಾಯಬೇಕಾದೀತು," ಅಂತ ಪುಸ್ತಕ ಎಳೆದುಕೊಂಡ. ಸೀದಾ ಕೊನೆಯ ಪುಟ ತಿರುಗಿಸಿದ. ಕಣ್ಣಾಡಿಸಿದ. ಕಾಗೆಯ ಕಡೆ ತಿರುಗಿ ಕೂಗಿ ಹೇಳಿದ.

"ಅಕ್ಕಾ, ಕೇಳು! ಬಾಗಿಲು ತೆಗೆದದ್ದು ಆ ಮನೆಯ ಪುರೋಹಿತ! ಆಯ್ತಲ್ಲ? ಇನ್ನು ಹೋಗು!"

ಕಾಗೆ ಹಾರಿತು. ಸೀದಾ ಅವನ ಬೋಳುತಲೆಗೆ. ಒಂದು ಕುಕ್ಕು. ತಿರುಗಿ ಬಂದು ಇನ್ನೊಂದು. ಆಮೇಲೆ ಏನೂ ಆಗದವರ ಹಾಗೆ ಎಲೆಯ ಹತ್ತಿರ ಬಂದು ಕೂತಿತು.

ಮಗಳು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ.

"ಮಮ್ಮಿಯೇ," ಎಂದಳು.

"ಸಂಶಯವೇ ಇಲ್ಲ," ಎಂದರು ಭಟ್ಟರು. ಅವರ ಮುಖ ಕೆಂಪಾಗಿತ್ತು. "ಆದರೆ ಪುರೋಹಿತ ತೆಗೆದ ಅನ್ನುವುದನ್ನು ನಾನು ನಂಬುವುದಿಲ್ಲ. ನಾವು ಹಾಗೆ ಮಾಡುವವರಲ್ಲ. ಮೊದಲಿನಿಂದ ಓದಿ, ನೋಡುವ."

ಭಾವಮೈದ ಒಂದು ಕೈಯಲ್ಲಿ ತಲೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಪುಸ್ತಕ ಕೊಟ್ಟ. ನಾನು ಬೆರಳಿಟ್ಟೆ. ಬಿಸಿಲು ಇಳಿಯುವವರೆಗೆ ಓದಿದೆ. ಎದ್ದು ನಡೆಯಬೇಕು ಅಂತ ಒಮ್ಮೆಯೂ ಅನಿಸಲಿಲ್ಲ. ಮೊದಲ ಅಧ್ಯಾಯ ಮುಗಿಯಿತು. ಕಾಗೆ ತಾನಾಗಿ ಎದ್ದು ಹೋಯಿತು.

ಮರುದಿನ ಅದೇ ಹೊತ್ತಿಗೆ ಮತ್ತೆ ಬಂತು. ಅದಕ್ಕಿಂತ ಮೊದಲು ಭಟ್ಟರು ಬಂದು ಕೂತಿದ್ದರು.